ಜೆಡ್ಡಾದಿಂದ ಶಿಡ್ಲಘಟ್ಟದ ಬಾಗಿಲವರೆಗೆ

ಜೆಡ್ಡಾದಿಂದ ಬೆಂಗಳೂರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ನಿಮ್ಮ ಫೋನು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳುತ್ತದೆ. ನಾಲ್ಕು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಐದೂ ಚಿಲ್ಲರೆ ಗಂಟೆ. ನನ್ನನ್ನು ಕೇಳಿದರೆ ನಾನು ತಕ್ಷಣ ಹೇಳುವುದಿಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಮೊದಲು ಕೇಳುತ್ತೇನೆ. ಇದಕ್ಕೇ ನನ್ನನ್ನು ಆಫೀಸಿನಲ್ಲಿ ಮೊಂಡಿ ಎಂದು ಕರೆಯುತ್ತಿದ್ದರು. ಕರೆಯಲಿ ಬಿಡಿ, ನಿವೃತ್ತಳಾದ ಮೇಲೂ ನಾನು ಬದಲಾಗಿಲ್ಲ.

ನಮ್ಮ ಟ್ರಾವೆಲ್ಸಿನ ಚಿಂತಾಮಣಿ ಶಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಳೆದ ತಿಂಗಳು ಮನೆಗೆ ಬಂದಿದ್ದಳು. "ಆಂಟಿ, ನಮಗೆಲ್ಲ ಇನ್ಸ್ಪಿರೇಷನ್ ಆಗೋ ಹಾಗೆ ನಿಮ್ಮ ಕರಿಯರ್ ಬಗ್ಗೆ ಒಂದೆರಡು ಪೇಜ್ ಬರ್ಕೊಡಿ" ಎಂದಳು. ಯಾವಾಗ ಸೀನಿಯರ್ ಆದೆ, ಯಾವ ಸನ್ಮಾನ ಸಿಕ್ಕಿತು ಎಂಬುದೆಲ್ಲ ಅವಳಿಗೆ ಬೇಕಿತ್ತು. ಅವು ಯಾವುವೂ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ನಾನು ಮಾಡಿದ ಒಂದು ತಪ್ಪು ಮತ್ತು ಆ ತಪ್ಪಿನ ಹಿಂದೆ ಕಳೆದ ಇಪ್ಪತ್ತು ಚಿಲ್ಲರೆ ವರ್ಷ. ಅದನ್ನೇ ಬರೆಯುತ್ತೇನೆ, ಬೇಕಾದವರು ಓದಿಕೊಳ್ಳಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಾವಿರಾರು ಜನರಿಗೆ ವಿಮಾನದ ಟಿಕೆಟ್ ಮಾಡಿಕೊಟ್ಟ ನಾನು ಇವತ್ತಿನವರೆಗೆ ವಿಮಾನ ಹತ್ತಿಲ್ಲ. ಇದನ್ನು ಕೇಳಿ ನಗುವವರಿದ್ದಾರೆ. ಹೆರಿಗೆ ಮಾಡಿಸುವ ಡಾಕ್ಟರುಗಳೆಲ್ಲ ಹೆತ್ತವರೇ ಏನು ಎಂದು ಅವರನ್ನು ನಾನು ತಿರುಗಿ ಕೇಳುತ್ತೇನೆ.

ನನ್ನ ಹೆಸರು ಮಂಜುಳಮ್ಮ, ಜಂಗಮಕೋಟೆಯವಳು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಮ್ಮಮ್ಮ ಹೊತ್ತನ್ನು ಗಡಿಯಾರದಲ್ಲಿ ನೋಡಿದವಳಲ್ಲ. ಹುಳುಗಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಮೂರನೇ ಜ್ವರ ಎದ್ದ ಮೇಲೆ ಬಾ," "ನಾಲ್ಕನೇ ಜ್ವರಕ್ಕೆ ಮುಂಚೆ ಮದುವೆ ಮಾತು ಮುಗಿಸಣ" ಎಂದೇ ಅವಳ ಲೆಕ್ಕ. ಹೀಗಾಗಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದು, ಮಸೀದಿಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದಾಗ, ಅಕ್ಕಪಕ್ಕದವರು ಹೊತ್ತನ್ನು ನಮಾಜಿನಲ್ಲಿ ಹೇಳುವುದು ನನಗೆ ಹೊಸದೆನಿಸಲಿಲ್ಲ. ಬೆಳಗಿನ ಫಜ್ರ್, ಮಧ್ಯಾಹ್ನದ ಜೋಹರ್, ಇಳಿಹೊತ್ತಿನ ಅಸರ್, ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್. ಮಸೀದಿಯಿಂದ ಫಜ್ರಿನ ಬಾಂಗು ಕೇಳಿದಾಗ ನಾನು ಒಲೆ ಹಚ್ಚುತ್ತಿದ್ದೆ, ಅಸರಿನ ಬಾಂಗಿಗೆ ಮಕ್ಕಳಿಗೆ ಹಾಲು ಕೊಡುತ್ತಿದ್ದೆ. ಈ ಅಭ್ಯಾಸವೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ಕೆಲಸ ಕೊಟ್ಟವರು ಅನ್ವರ್ ಸಾಹೇಬರು. ಅವರದು ರೇಷ್ಮೆ ನೂಲು ತೆಗೆಯುವ ಘಟಕ. ಊರಿನ ಗಂಡಸರು ಸೌದಿಗೆ, ದುಬೈಗೆ ಹೊರಟಿದ್ದನ್ನು ನೋಡಿ ಮಹಡಿಯ ಮೇಲೆ ಟಿಕೆಟ್ ಆಫೀಸು ತೆರೆದರು. ಕೆಳಗೆ ಗೂಡು ಬೇಯುವ ವಾಸನೆ, ಮೇಲೆ ನಾನು, ಒಂದು ಟೆಲಿಫೋನು, ಮತ್ತು ದಿಂಬಿನಷ್ಟು ದಪ್ಪದ ವೇಳಾಪಟ್ಟಿ ಪುಸ್ತಕ. ಬಂದವರಲ್ಲಿ ಅರ್ಧ ಜನ ನನ್ನನ್ನು ನೋಡಿ "ಸಾಹೇಬ್ರು ಇಲ್ವಾ?" ಎಂದು ವಾಪಸ್ಸು ಮೆಟ್ಟಿಲಿಳಿಯುತ್ತಿದ್ದರು. ನಾನು ಮೆಟ್ಟಿಲವರೆಗೆ ಹೋಗಿ "ಸಾಹೇಬ್ರು ಬಂದ್ರೂ ನನ್ನನ್ನೇ ಕೇಳ್ತಾರೆ, ಬನ್ನಿ ಮೇಲಕ್ಕೆ" ಎಂದು ಕರೆದು ಕೂರಿಸುತ್ತಿದ್ದೆ.

ವೇಳಾಪಟ್ಟಿ ಪುಸ್ತಕದಲ್ಲಿ ಪ್ರತಿ ಊರಿನ ಹೊತ್ತನ್ನೂ ಆ ಊರಿನ ಗಡಿಯಾರದಲ್ಲೇ ಬರೆದಿರುತ್ತಾರೆ. ಇದು ಗೊತ್ತಿಲ್ಲದವರು ಬಹಳ ಜನ. ಚಿಂತಾಮಣಿ ಕಡೆಯ ದ್ರಾಕ್ಷಿ ತೋಟದ ಯಜಮಾನರೊಬ್ಬರು ರಿಯಾದಿನಲ್ಲಿದ್ದ ಮಗಳನ್ನು ನೋಡಲು ಹೊರಟರು. ಟಿಕೆಟ್ ಹಿಡಿದುಕೊಂಡು ಬೆರಳೆಣಿಸಿ, ನನ್ನ ಮುಖ ನೋಡಿ ಕೇಳಿದರು: "ಪೊಯ್ಯೇಟಪ್ಪುಡು ರೆಂಡುನ್ನರ ಗಂಟಲು, ವಚ್ಚೇಟಪ್ಪುಡು ಏಡು ಗಂಟಲಾ? ದಾರಿಲೋ ನಿಲಿಪಿ ಟೀ ತಾಗುತಾರಾ ಏಮಮ್ಮಾ?" ಹೋಗುವಾಗ ಎರಡೂವರೆ ಗಂಟೆ, ಬರುವಾಗ ಏಳು, ದಾರಿಯಲ್ಲಿ ನಿಲ್ಲಿಸಿ ಟೀ ಕುಡಿಯುತ್ತಾರೋ ಎಂದು ಅವರ ಪ್ರಶ್ನೆ. ನಾನು ಒಂದು ನಿಂಬೆಹಣ್ಣು, ಒಂದು ಟಾರ್ಚು ತೆಗೆದುಕೊಂಡು ಕೂತೆ. ಇದು ನಮ್ಮೂರು, ಇದು ರಿಯಾದ್. ಬೆಳಕು ಮೊದಲು ನಮಗೆ ಬೀಳುತ್ತದೆ, ಎರಡೂವರೆ ಗಂಟೆ ಬಿಟ್ಟು ಅವರಿಗೆ. ಹೋಗುವಾಗ ಎರಡೂವರೆ ಕೂಡಿಸಿ, ಬರುವಾಗ ಎರಡೂವರೆ ಕಳೆಯಿರಿ, ಎರಡೂ ಕಡೆ ಸುಮಾರು ಐದು ಗಂಟೆಯೇ ಬರುತ್ತದೆ ಎಂದು ತೋರಿಸಿದೆ. ಯಜಮಾನರು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಗೂ ತೋರಿಸಬೇಕು ಎಂದು ಹೋದರು.

ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದ ಕಡೆಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ಟೊರೊಂಟೊಗೆ ಹೋಗಿಬಂದವರೇ ನನ್ನ ಮೇಲೆ ಜಗಳಕ್ಕೆ ಬಂದರು. ದಿಲ್ಲಿಯಿಂದ ಹೊರಟ ವಿಮಾನ ಪಶ್ಚಿಮಕ್ಕೆ ಹೋಗುವುದು ಬಿಟ್ಟು ಉತ್ತರ ಧ್ರುವದ ಕಡೆ ಹೋಯಿತಂತೆ, ಸೀಟಿನ ಮುಂದಿನ ಪರದೆಯಲ್ಲಿ ಅವರೇ ನೋಡಿದರಂತೆ. "ಭೂಪಟ ಕಲಿಸಿದವನು ನಾನು ಕಣಮ್ಮ, ನನಗೆ ದಾರಿ ಗೊತ್ತಿಲ್ವಾ?" ಎಂದರು. ಕೆಳಗಿನ ಘಟಕದಿಂದ ಒಂದು ಎಳೆ ರೇಷ್ಮೆ ತರಿಸಿ, ನೀರಿನ ಮಡಕೆಯ ಮೇಲೆ ಎರಡು ಸುಣ್ಣದ ಚುಕ್ಕಿ ಇಟ್ಟು, ಎಳೆಯನ್ನು ಬಿಗಿಯಾಗಿ ಎಳೆದು ಹಿಡಿಯಲು ಅವರ ಕೈಗೇ ಕೊಟ್ಟೆ. ಎಳೆ ತಾನಾಗಿಯೇ ಮಡಕೆಯ ಕಂಠದ ಕಡೆಗೆ ಏರಿಕೊಂಡಿತು. ಮಾಸ್ತರರು ಎಳೆಯನ್ನು ಇನ್ನೊಮ್ಮೆ ಎಳೆದು ನೋಡಿ, "ಮೂವತ್ತು ವರ್ಷ ಗೋಡೆ ಮೇಲಿನ ಭೂಪಟ ನಂಬಿಕೊಂಡಿದ್ದೆ" ಎಂದರು.

ಇಷ್ಟೆಲ್ಲ ಗೊತ್ತಿದ್ದ ನಾನು, ಊರಿಗೆಲ್ಲ ನಿಂಬೆಹಣ್ಣು ಹಂಚಿದ ನಾನು, ಅದೇ ಎರಡೂವರೆ ಗಂಟೆಯಲ್ಲಿ ಎಡವಿ ಬಿದ್ದೆ.

ನಮ್ಮ ಬೀದಿಯ ನೂಲು ಕೆಲಸಗಾರರೊಬ್ಬರು ಒಂದು ಮಧ್ಯಾಹ್ನ ತೀರಿಕೊಂಡರು. ಅವರ ಒಬ್ಬನೇ ಮಗ ಇಮ್ತಿಯಾಜ್ ಜೆಡ್ಡಾದಲ್ಲಿ ಎಲೆಕ್ಟ್ರಿಕ್ ಕೆಲಸಕ್ಕಿದ್ದ. ಅವರಲ್ಲಿ ಮಯ್ಯತ್ತನ್ನು, ಎಂದರೆ ತೀರಿಕೊಂಡವರ ದೇಹವನ್ನು, ತಡಮಾಡದೆ ಮಣ್ಣು ಮಾಡಬೇಕು. ಆದರೂ ಮಗ ಬರುತ್ತಾನೆಂದರೆ, ಕೊನೆಯ ಸಲ ಮುಖ ನೋಡುವ ದೀದಾರಿಗೆ ಒಂದಿಷ್ಟು ಕಾಯುತ್ತಾರೆ. ಎಷ್ಟು ಕಾಯಬಹುದು ಎನ್ನುವುದೇ ಪ್ರಶ್ನೆ. ಅದನ್ನು ನಿರ್ಧರಿಸಬೇಕಾದವರು ತೀರಿಕೊಂಡವರ ತಮ್ಮ ಖಾದರ್ ಚಾಚಾ. ಅವತ್ತು ಸಂಜೆ ಅವರು ನಮ್ಮ ಆಫೀಸಿನ ಫೋನಿನ ಮುಂದೆ ಕೂತಿದ್ದರು. ಕರೆ ಬಂತು, ಲೈನು ಗೊರಗೊರ ಎನ್ನುತ್ತಿತ್ತು. ಇಮ್ತಿಯಾಜ್ ಅಳುತ್ತಾ ಹೇಳಿದ್ದರಲ್ಲಿ ಒಂದೇ ಮಾತು ಸ್ಪಷ್ಟವಾಗಿ ಕೇಳಿಸಿತು: "ಕಲ್ ಫಜ್ರ್ ಹೋತೇಚ್ ಪ್ಲೇನ್ ಹೈ ಚಾಚಾ, ನಿಲ್ಸಿ, ನಾನು ಬರ್ತೀನಿ." ನಾಳೆ ಫಜ್ರ್ ಆದ ಕೂಡಲೇ ವಿಮಾನ ಎಂದು. ಲೈನು ಕಡಿದುಹೋಯಿತು.

ಖಾದರ್ ಚಾಚಾ ನನ್ನ ಕಡೆ ತಿರುಗಿದರು. "ಎಷ್ಟು ಗಂಟೆ ದಾರಿ ಅಮ್ಮಾ?"

ನನಗೆ ಅದು ಬಾಯಿಪಾಠ, ಪುಸ್ತಕ ತೆರೆಯಲೂ ಇಲ್ಲ. "ಐದೂವರೆ."

"ಹಂಗಾದ್ರೆ ಮಣ್ಣು ಯಾವ ನಮಾಜಿಗೆ ಇಡಣ?"

ಫಜ್ರ್ ಎಂದ ಕೂಡಲೇ ನನಗೆ ನೆನಪಾದದ್ದು ನಾನು ಒಲೆ ಹಚ್ಚುವ ಹೊತ್ತು. ಐದೂಕಾಲು, ಐದೂವರೆ. ಆರಕ್ಕೆ ವಿಮಾನ ಹೊರಟರೆ ಹನ್ನೊಂದೂವರೆಗೆ ಇಳಿಯುತ್ತದೆ. ಆಗ ವಿಮಾನ ನಿಲ್ದಾಣ ಬೆಂಗಳೂರಿನ ಆ ಕಡೆ ಇತ್ತು; ಹೊರಗೆ ಬಂದು ಊರು ದಾಟಿ ಶಿಡ್ಲಘಟ್ಟ ಸೇರಲು ಮೂರೂವರೆ ಗಂಟೆ ಹಿಡಿದರೂ ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ. "ಅಸರಿಗೆ ಇಡಿ ಚಾಚಾ, ಎರಡು ಗಂಟೆ ಹೆಚ್ಚೇ ಇರ್ತದೆ" ಎಂದು ಧೈರ್ಯವಾಗಿ ಹೇಳಿದೆ. ಅವರು ಮರೆಯಬಾರದೆಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಪಕ್ಕದಲ್ಲಿ ನಿಂತಿದ್ದ ಅನ್ವರ್ ಸಾಹೇಬರು ತಲೆಯಾಡಿಸಿದರು. ನಮ್ಮಲ್ಲಿ ಯಾರಿಗೂ, ಐದು ಹೊತ್ತು ನಮಾಜು ಮಾಡುವ ಅವರಿಗೂ, ಜೆಡ್ಡಾದ ಫಜ್ರ್ ಬೇರೆ ಎಂಬುದು ಹೊಳೆಯಲಿಲ್ಲ. ಅಲ್ಲಿ ಫಜ್ರಿನ ಬಾಂಗು ಆಗುವಾಗ ಶಿಡ್ಲಘಟ್ಟದಲ್ಲಿ ಜನ ತಿಂಡಿ ತಿನ್ನುತ್ತಿರುತ್ತಾರೆ.

ಮರುದಿನ ಅಸರಿನವರೆಗೆ ಕಾದರು. ಮಗ ಬರಲಿಲ್ಲ. ವಿಮಾನ ತಪ್ಪಿರಬೇಕು, ಇನ್ನು ನಿಲ್ಲಿಸುವುದು ಸರಿಯಲ್ಲ ಎಂದು ಹಿರಿಯರು ಜನಾಜಾ, ಎಂದರೆ ಶವದ ಮಂಚ, ಎತ್ತಿದರು. ಇಮ್ತಿಯಾಜ್ ಆರು ಗಂಟೆಗೆ ಹದಿನೈದು ನಿಮಿಷ ಇರುವಾಗ ಟ್ಯಾಕ್ಸಿಯಿಂದ ಇಳಿದ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರು. ಬ್ಯಾಗನ್ನು ಬೀದಿಯಲ್ಲೇ ಎಸೆದು ಖಬರಸ್ಥಾನದ ಕಡೆ ಓಡಿದ್ದನ್ನು ನಾನು ನಮ್ಮ ಬಾಗಿಲಿನಿಂದ ನೋಡಿದೆ. ಆ ಹೊತ್ತಿಗೆ ಮಣ್ಣು ಹಾಕಿ ಮುಗಿದಿತ್ತು. ಅವನು ಓಡುವುದನ್ನು ನೋಡುತ್ತಾ ನಿಂತಾಗ, ಅವನ ಫಜ್ರ್ ಯಾವುದು ಎಂಬುದು ನನಗೆ ತಟ್ಟನೆ ಹೊಳೆಯಿತು. 

ಮರುದಿನ ಆಫೀಸಿನಲ್ಲಿ ಅನ್ವರ್ ಸಾಹೇಬರು ಬಾಗಿಲು ಹಾಕಿಕೊಂಡು ಹೇಳಿದರು. "ನೋಡಮ್ಮ, ನಾವು ಹೇಳಿದ್ದು ಐದೂವರೆ ಗಂಟೆ. ಅದು ಸರಿಯಾಗಿದೆ. ದೂರಾನೂ ಸರಿ, ಟೈಮೂ ಸರಿ. ಲೆಕ್ಕ ಹಾಕ್ಕೊಂಡಿದ್ದು ಅವರು. ಯಾರಾದ್ರೂ ಕೇಳಿದ್ರೆ ಅಷ್ಟೇ ಹೇಳು."

"ಚೀಟಿ ಬರೆದುಕೊಟ್ಟಿದ್ದು ನಾನು ಸಾಹೇಬ್ರೇ."

"ಚೀಟಿ ಏನು ಟಿಕೆಟ್ಟಾ? ನಾವು ಟಿಕೆಟ್ ಮಾರೋರು, ಜ್ಯೋತಿಷ್ಯ ಹೇಳೋರಲ್ಲ. ಆ ಮನೆಗೆ ಹೋಗ್ಬೇಡ."

ಅನ್ವರ್ ಸಾಹೇಬರು ಕೆಟ್ಟವರಲ್ಲ. ಹೆಂಗಸಿಗೆ ಈ ಕುರ್ಚಿ ಕೊಟ್ಟಿದ್ದಕ್ಕೆ ಊರೆಲ್ಲ ಆಡಿಕೊಂಡಾಗ ನನ್ನ ಪರ ನಿಂತವರು. ಆದರೆ ಅವತ್ತು ಅವರು ಹೇಳಿದ್ದನ್ನು ಕೇಳಿ ನನಗೆ ಮೈ ಉರಿಯಿತು. ಮೆಟ್ಟಿಲಿಳಿದು ನೇರವಾಗಿ ಇಮ್ತಿಯಾಜನ ಮನೆಗೆ ಹೋದೆ.

ಇಮ್ತಿಯಾಜ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ನಾನು ತಪ್ಪನ್ನು ಹೇಳಿಕೊಂಡೆ. ಇಲ್ಲಿಯ ಫಜ್ರ್ ಹಿಡಿದು ಎಣಿಸಿದೆ, ಎರಡೂವರೆ ಗಂಟೆ ಮರೆತೆ ಎಂದೆ. ಅವನು ತಿರುಗಲೂ ಇಲ್ಲ. ಅವನ ತಾಯಿ ಜೈಬುನ್‌ಬೀ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹೇಳಿದ್ದು ಇಷ್ಟೇ: "ಆಯ್ತು ಹೋಗಮ್ಮ. ನನ್ ಸರದಿ ಬಂದಾಗ ಸರಿಯಾಗಿ ಎಣಿಸು."

ಸತ್ತರೂ ಮರೆಯದ ಮಾತು ಎನ್ನುತ್ತಾರಲ್ಲ, ನನಗೆ ಅದು ಈ ಮಾತೇ.

ಅವತ್ತೇ ಒಂದು ನೋಟ್‌ಪುಸ್ತಕ ಕೊಂಡೆ. ಆಫೀಸಿನ ಗೋಡೆಗೆ ಮನೆಯಿಂದ ಎರಡನೇ ಗಡಿಯಾರ ತಂದು ನೇತುಹಾಕಿ, ಎರಡೂವರೆ ಗಂಟೆ ಹಿಂದಿಟ್ಟು, ಕೆಳಗೆ ಸೌದಿ ಎಂದು ಬರೆದೆ. ಅನ್ವರ್ ಸಾಹೇಬರು "ಇದೇನು ಗಡಿಯಾರದ ಅಂಗಡೀನಾ" ಎಂದು ತೆಗೆಸಿದರು. ಮರುದಿನ ಮತ್ತೆ ಹಾಕಿದೆ. ಮೂರು ಸಲ ಹೀಗಾಯಿತು, ನಾಲ್ಕನೇ ಸಲ ಅವರೇ ಸುಮ್ಮನಾದರು.

ನೋಟ್‌ಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು ವಿಮಾನದ ಹೊತ್ತನ್ನಲ್ಲ. ಊರಿಗೆ ಬಂದ ಪ್ರತಿಯೊಬ್ಬರನ್ನೂ ಹಿಡಿದು ಕೇಳುತ್ತಿದ್ದೆ: ಅಲ್ಲಿ ಕೆಲಸದ ಜಾಗದಿಂದ ಎಷ್ಟೊತ್ತಿಗೆ ಹೊರಟೆ, ನಿಲ್ದಾಣಕ್ಕೆ ಎಷ್ಟೊತ್ತಿಗೆ ಸೇರಿದೆ, ವಿಮಾನ ನಿಜವಾಗಿ ಎಷ್ಟೊತ್ತಿಗೆ ಎದ್ದಿತು, ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲಿನಲ್ಲಿ ಎಷ್ಟು ನಿಂತೆ, ಪೆಟ್ಟಿಗೆ ಎಷ್ಟೊತ್ತಿಗೆ ಬಂತು, ಮನೆ ಬಾಗಿಲಿಗೆ ಎಷ್ಟೊತ್ತಿಗೆ ಕಾಲಿಟ್ಟೆ. ಶುರುವಿನಲ್ಲಿ ಜನ ರೇಗಿಸುತ್ತಿದ್ದರು. "ಪೊಲೀಸ್ ಸ್ಟೇಷನ್ನಿಗಿಂತ ನಿನ್ ಹತ್ರಾನೇ ಭಯ ಕಣಮ್ಮ" ಎನ್ನುತ್ತಿದ್ದರು. ಆಮೇಲೆ ಅವರೇ ಬರೆದಿಟ್ಟುಕೊಂಡು ಬಂದು ಕೊಡತೊಡಗಿದರು. ಪೆರೇಸಂದ್ರದ ಒಬ್ಬ ಡ್ರೈವರ್ ತನ್ನ ಬೋರ್ಡಿಂಗ್ ಪಾಸಿನ ಹಿಂದೆಯೇ ಎಲ್ಲ ಹೊತ್ತು ಬರೆದು ತಂದಿದ್ದ.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬದಲಾಗುವುದಿಲ್ಲ. ಅದರ ಎರಡೂ ತುದಿಗೆ ಅಂಟಿಕೊಂಡಿರುವ ದೂರ ದಿನಕ್ಕೊಂದು ಥರ ಇರುತ್ತದೆ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಹಿಂದಿನ ಗಾಳಿ. ಅದಕ್ಕೇ ಪಶ್ಚಿಮಕ್ಕೆ ಹೋಗುವುದಕ್ಕಿಂತ ವಾಪಸ್ಸು ಬರುವುದು ಕೊಂಚ ಬೇಗ. ನಾಲ್ಕು ದೊಡ್ಡ ವಿಮಾನ ಒಟ್ಟಿಗೆ ಇಳಿದರೆ ಪಾಸ್‌ಪೋರ್ಟಿನ ಸಾಲು ಉದ್ದ. ಕೈಚೀಲ ಮಾತ್ರ ಇರುವವನು ಬೇಗ ಹೊರಗೆ ಬರುತ್ತಾನೆ. ರಂಜಾನಿನ ತಿಂಗಳಲ್ಲಿ ಒಂದು ಲೆಕ್ಕ, ಹಜ್ಜಿನಿಂದ ಮರಳುವಾಗ ಇನ್ನೊಂದು. ಇವೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ, ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆಮೇಲೆ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ನನ್ನ ಪುಸ್ತಕದ ರಸ್ತೆ ಲೆಕ್ಕವೆಲ್ಲ ಒಂದೇ ದಿನಕ್ಕೆ ಹಾಳಾಯಿತು. ಬೆಂಗಳೂರಿನವರು ಅಷ್ಟು ದೂರವೇ ಎಂದು ಗೊಣಗಿದರು, ಚಿಕ್ಕಬಳ್ಳಾಪುರದ ಕಡೆಯವರು ನಾವು ಹಬ್ಬ ಮಾಡಿದೆವು. ಕಂಪ್ಯೂಟರು ಬಂತು, ದಪ್ಪ ಪುಸ್ತಕ ಗೂಡಿನ ತಟ್ಟೆ ಮುಚ್ಚಲು ಕೆಳಗೆ ಹೋಯಿತು. ಕೆಂಪು ಕಾಗದದ ಟಿಕೆಟ್ ಹೋಗಿ ಬಿಳಿ ಹಾಳೆ ಬಂತು, ಹಾಳೆಯೂ ಹೋಗಿ ಫೋನು ಬಂತು. ಅನ್ವರ್ ಸಾಹೇಬರು ಹಾಸಿಗೆ ಹಿಡಿದರು, ಮಗ ತೌಫೀಕ್ ಮ್ಯಾನೇಜರ್ ಆಗಿ ಕೂತ. ಅವನು ನನ್ನ ಎದುರೇ ಬೆಳೆದವನು, ಆಂಟಿ ಎಂದೇ ಕರೆಯುತ್ತಾನೆ. ಚಿಂತಾಮಣಿ, ಗೌರಿಬಿದನೂರಿನಲ್ಲಿ ಶಾಖೆ ತೆರೆದ. ಗೋಡೆಗೆ ಬಣ್ಣ ಹೊಡೆಸುವಾಗ ನನ್ನ ಸೌದಿ ಗಡಿಯಾರ ತೆಗೆಸಿದ. ನಾನು ಅದನ್ನು ನನ್ನ ಮೇಜಿನ ಮೇಲೆ ನಿಲ್ಲಿಸಿಕೊಂಡೆ.

"ಆಂಟಿ, ಕಸ್ಟಮರ್‌ಗೆ ಸಿಸ್ಟಮ್‌ನಲ್ಲಿರೋದು ಮಾತ್ರ ಹೇಳಿ. ಮನೆಗೆ ಎಷ್ಟೊತ್ತಿಗೆ ಸೇರ್ತಾರೆ ಅನ್ನೋದು ನಮ್ಮ ಲಯಬಿಲಿಟಿ ಅಲ್ಲ" ಎಂದು ಅವನು ತಿಂಗಳಿಗೊಂದು ಸಲ ಹೇಳುತ್ತಿದ್ದ.

"ನಿಮ್ಮಪ್ಪಾನೂ ಇದನ್ನೇ ಹೇಳಿದ್ರು ಕಣಪ್ಪ" ಎಂದು ನಾನೂ ತಿಂಗಳಿಗೊಂದು ಸಲ ಹೇಳುತ್ತಿದ್ದೆ. ನೋಟ್‌ಪುಸ್ತಕಗಳು ಆ ಹೊತ್ತಿಗೆ ಹನ್ನೊಂದಾಗಿದ್ದವು.

ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು. ಒಂದು ಬೆಳಗ್ಗೆ ಆಫೀಸಿಗೆ ಹೊರಟವಳಿಗೆ ಬೀದಿಯಲ್ಲಿ ಸುದ್ದಿ ಸಿಕ್ಕಿತು. ಜೈಬುನ್‌ಬೀ ಫಜ್ರಿಗೆ ಮುಂಚೆ ತೀರಿಕೊಂಡರು. ಇಮ್ತಿಯಾಜ್ ಇನ್ನೂ ಜೆಡ್ಡಾದಲ್ಲೇ ಇದ್ದ. ನಾನು ಆಫೀಸಿನ ಕಡೆ ಹೋಗಲಿಲ್ಲ. ಮನೆಗೆ ವಾಪಸ್ಸು ಬಂದು ಹನ್ನೊಂದನೇ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಮನೆಗೆ ನಡೆದೆ. ಯಾರೂ ನನ್ನನ್ನು ಕರೆದಿರಲಿಲ್ಲ.

ಅಂಗಳದಲ್ಲಿ ಗಂಡಸರು ಕುರ್ಚಿ ಹಾಕಿಕೊಂಡಿದ್ದರು. ನಡುವೆ ಖಾದರ್ ಚಾಚಾ, ಈಗ ಹಣ್ಣಾದ ಮುದುಕರು, ಊರುಗೋಲಿನ ಮೇಲೆ ಗದ್ದ ಇಟ್ಟು ಕೂತಿದ್ದರು. ಇಮ್ತಿಯಾಜನ ತಂಗಿಯ ಮಗಳು ಆಯೇಷಾ ಕಾಲೇಜಿನಲ್ಲಿ ಓದುವವಳು. ಅವಳು ಫೋನು ನೋಡಿ ಹೇಳುತ್ತಿದ್ದಳು. "ಮಾಮೂದು ಫ್ಲೈಟ್ ಅಲ್ಲಿ ಎಂಟು ಗಂಟೆಗೆ. ನಮ್ದು ಹತ್ತೂವರೆ. ಐದೂಕಾಲು ಗಂಟೆ ಜರ್ನಿ. ಮೂರೂಮುಕ್ಕಾಲಿಗೆ ಲ್ಯಾಂಡ್. ಏರ್‌ಪೋರ್ಟಿಂದ ಇಲ್ಲಿಗೆ ಮ್ಯಾಪ್‌ನಲ್ಲಿ ಐವತ್ತು ನಿಮಿಷ. ಅಸರ್ ಐದು ಗಂಟೆಗೆ, ಆರಾಮಾಗಿ ಬರ್ತಾರೆ."

ಎರಡೂವರೆ ಗಂಟೆಯನ್ನು ಅವಳು ಮರೆತಿರಲಿಲ್ಲ. ಅಷ್ಟಕ್ಕೆ ನನಗೆ ಖುಷಿಯಾಯಿತು. ಆದರೂ ಬಾಗಿಲಲ್ಲೇ ನಿಂತು ಹೇಳಿದೆ. "ಅಸರಿಗೆ ಬೇಡ. ಮಗ್ರಿಬ್‌ಗೆ ಇಡಿ."

ಗಂಡಸರೆಲ್ಲ ತಿರುಗಿ ನೋಡಿದರು. ಒಬ್ಬರು ಮೆಲ್ಲಗೆ ಎನ್ನುವಂತೆ ಜೋರಾಗಿಯೇ ಅಂದರು: "ಹೋದ್ಸಲ ಕೆಡಿಸಿದ್ದು ಇವಳೇ ಅಲ್ವಾ?"

"ಹೌದು, ನಾನೇ. ಅದಕ್ಕೇ ಬಂದಿದೀನಿ" ಎಂದೆ. ಪುಸ್ತಕ ತೆಗೆದು ಖಾದರ್ ಚಾಚಾ ಅವರ ಮುಂದೆ ಹಿಡಿದೆ. "ಈ ವಿಮಾನ ಇಳಿಯೋ ಹೊತ್ತಿಗೆ ಇನ್ನೂ ಮೂರು ಇಳೀತವೆ ಚಾಚಾ. ಇದೇ ವಿಮಾನದಲ್ಲಿ ಬಂದೋರು ಇಷ್ಟು ಜನ, ನೋಡಿ. ಕೈಚೀಲ ಇಟ್ಕೊಂಡು ಬಂದೋನೂ ಮುಕ್ಕಾಲು ಗಂಟೆಗೆ ಮುಂಚೆ ಹೊರಗೆ ಬಂದಿಲ್ಲ. ಇವತ್ತು ದೇವನಹಳ್ಳಿ ಪಕ್ಕದ ವಿಜಯಪುರದಿಂದ ಜಂಗಮಕೋಟೆವರೆಗೆ ರಸ್ತೆ ಅಗೆದವ್ರೆ, ನಮ್ ತಮ್ಮ ಬೆಳಗ್ಗೆ ಹಾಲಿನ ಗಾಡೀಲಿ ಬಂದು ಹೇಳ್ದ. ಮ್ಯಾಪಿನ ಐವತ್ತು ನಿಮಿಷ ಮರೀರಿ. ಅವನು ಬಾಗಿಲಿಗೆ ಬರೋದು ಐದೂಮುಕ್ಕಾಲಿಗೆ."

"ಅಷ್ಟೊತ್ತು ನಿಲ್ಸೋದು ಸರಿಯಲ್ಲಮ್ಮ" ಎಂದರು ಇನ್ನೊಬ್ಬ ಹಿರಿಯರು. "ತೀರಿಕೊಂಡೋರಿಗೂ ಒಂದು ಮರ್ಯಾದೆ ಇದೆ."

"ಇದೆ. ಅದಕ್ಕೆ ನಾನು ಎದುರು ಹೇಳಲ್ಲ. ನಿಲ್ಸೋದು ಬಿಡೋದು ನಿಮ್ದು. ಆದ್ರೆ ಅಸರಿಗೆ ಬರ್ತಾನೆ ಅಂದ್ಕೊಂಡು ಅಸರಿಗೆ ಇಡಬೇಡಿ. ಬರಲ್ಲ."

ಅಷ್ಟರಲ್ಲಿ ತೌಫೀಕ್ ಫೋನು ಮಾಡಿದ. ಯಾರೋ ಅವನಿಗೆ ಮುಟ್ಟಿಸಿದ್ದರು. "ಆಂಟಿ, ಪ್ಲೀಸ್, ಅಲ್ಲಿ ಏನೂ ಕಮಿಟ್ ಮಾಡ್ಬೇಡಿ. ಅದು ನಮ್ಮ ಟಿಕೆಟ್ಟೂ ಅಲ್ಲ, ಅವರೇ ಫೋನಲ್ಲಿ ಬುಕ್ ಮಾಡಿರೋದು. ತಪ್ಪಾದ್ರೆ ಮತ್ತೆ ನಮ್ಮ ಹೆಸ್ರೇ ಬರೋದು. ಬರೆದಂತೂ ಏನೂ ಕೊಡ್ಬೇಡಿ."

ಫೋನು ಆಫ್ ಮಾಡಿದೆ. ಚೀಲದಲ್ಲಿ ಸಿಕ್ಕಿದ ಹಾಳೆ ನಮ್ಮ ಆಫೀಸಿನದೇ, ಮೇಲೆ ಹೆಸರು ಅಚ್ಚಾಗಿತ್ತು. ಅದರ ಮೇಲೆಯೇ ಬರೆದೆ: ಇಮ್ತಿಯಾಜ್ ಮನೆ ಬಾಗಿಲಿಗೆ ಐದೂಮುಕ್ಕಾಲಿಗೆ ಬರುತ್ತಾನೆ. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿ ಖಾದರ್ ಚಾಚಾ ಅವರ ಕೈಗೆ ಕೊಟ್ಟೆ.  ಇನ್ನೊಮ್ಮೆ ತಪ್ಪಿದರೆ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ. ಒಳಗೆ ಮಲಗಿದ್ದ ಆ ತಾಯಿಗೆ ನಾನು ಏನು ಉತ್ತರ ಕೊಡಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಖಾದರ್ ಚಾಚಾ ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಓದಿದರು.  ಆಮೇಲೆ "ಹೋದ್ಸಲಾನೂ ಚೀಟಿ ಕೊಟ್ಟಿದ್ದೆ" ಎಂದರು.

"ಕೊಟ್ಟಿದ್ದೆ ಚಾಚಾ."

"ತಪ್ಪಾದ ಮೇಲೆ ಮನೆಗೆ ಬಂದಿದ್ದು ನೀನೊಬ್ಬಳೇ." ಅವರು ಊರುಗೋಲು ಊರಿ ಎದ್ದರು. "ಮಗ್ರಿಬ್ ಆದ ಮೇಲೆ ಜನಾಜಾ. ಇಮಾಮ್ ಸಾಹೇಬ್ರಿಗೆ ಹೇಳಿ."

ಅವತ್ತಿನ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ. ಹೆಂಗಸರ ಜೊತೆ ಒಳಗೆ ಕೂತಿದ್ದೆ. ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಇಳಿಯಿತೆಂದು ಆಯೇಷಾ ಬಂದು ಹೇಳಿದಾಗ, ಅಸರಿಗೇ ಇಡಬಹುದಿತ್ತು ಎನ್ನುವಂತೆ ಒಬ್ಬಿಬ್ಬರು ನನ್ನ ಮುಖ ನೋಡಿದರು. ಅಸರಿನ ಬಾಂಗು ಆಯಿತು. ಗಂಡಸರು ನಮಾಜಿಗೆ ಹೋಗಿ ಬಂದರು. ಇಮ್ತಿಯಾಜ್ ಬಂದಿರಲಿಲ್ಲ. ಆಗ ಆ ಮುಖಗಳು ಬೇರೆ ಥರ ನನ್ನನ್ನು ನೋಡಿದವು. ಐದೂಮುಕ್ಕಾಲು ಆಯಿತು. ಅವನು ಬರಲಿಲ್ಲ. ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ.

ಆರಕ್ಕೆ ಮೂರು ನಿಮಿಷ ಇರುವಾಗ ಬೀದಿಯ ತುದಿಯಲ್ಲಿ ಕಾರು ತಿರುಗಿತು. ಇಮ್ತಿಯಾಜ್ ಇಳಿದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಈ ಸಲ ಅವನು ಓಡಲಿಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನಿಧಾನವಾಗಿ ಒಳಗೆ ಹೋಗಿ ತಾಯಿಯ ತಲೆಯ ಹತ್ತಿರ ಕೂತ. ಹೆಂಗಸರು ಜಾಗ ಬಿಟ್ಟರು. ಅರ್ಧ ಗಂಟೆ ಅವನು ಆ ಮುಖವನ್ನೇ ನೋಡುತ್ತಾ ಕೂತಿದ್ದ.

ಮಗ್ರಿಬ್ ಬಾಂಗು ಆದಾಗ ಎದ್ದು ಹೊರಗೆ ಬಂದ. ಹೊಸ್ತಿಲಲ್ಲಿ ನನ್ನನ್ನು ನೋಡಿ ನಿಂತ. ಅಷ್ಟು ವರ್ಷದಲ್ಲಿ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೂ ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ.

"ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಚಾಚಾಗೆ ಫೋನ್ ಮಾಡ್ದೆ" ಎಂದ. "ಮಂಜುಳಮ್ಮ ಲೆಕ್ಕ ಹಾಕವ್ರೆ, ಮಗ್ರಿಬ್‌ಗೆ ಇಟ್ಟಿದೀವಿ ಅಂದ್ರು. ದಾರಿಯೆಲ್ಲ ಅಗೆದಿದ್ರು. ಡ್ರೈವರ್‌ಗೆ ಬೇಗ ಹೋಗು ಅಂತ ಒಂದ್ಸಲಾನೂ ಹೇಳ್ಲಿಲ್ಲ ನಾನು."

ಅಷ್ಟು ಹೇಳಿ ತಾಯಿಯ ಜನಾಜಾಕ್ಕೆ ಹೆಗಲು ಕೊಡಲು ಹೋದ. ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಆಯೇಷಾ ನೀರು ತಂದುಕೊಟ್ಟಳು.

ಹೊಸದಾಗಿ ಕೆಲಸಕ್ಕೆ ಸೇರಿದವರೇ, ಎರಡು ನಿಲ್ದಾಣಗಳ ನಡುವಿನ ದೂರ ಹೇಳುವುದಕ್ಕೆ ನೀವು ಬೇಕಾಗಿಲ್ಲ, ಅದನ್ನು ಫೋನೇ ಹೇಳುತ್ತದೆ. ಕೌಂಟರಿನ ಆ ಕಡೆ ನಿಂತವರು ಅದನ್ನು ಯಾಕೆ ಕೇಳುತ್ತಿದ್ದಾರೆ ಎಂದು ಕೇಳುವುದಕ್ಕೆ ನೀವು ಬೇಕು. ಅದು ನಮ್ಮ ಜವಾಬ್ದಾರಿಯಲ್ಲ ಎಂದು ನಿಮ್ಮ ಮೇಲಿನವರು ಹೇಳುತ್ತಾರೆ. ಹೇಳಲಿ, ನೀವು ಕೇಳಿ. ನನ್ನ ಹನ್ನೊಂದು ಪುಸ್ತಕಗಳೂ ಮನೆಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು.

ಜೈಬುನ್‌ಬೀ ಅವರ ಜನಾಜಾದ ಮಾರನೇ ದಿನ ಆಫೀಸಿಗೆ ಹೋದಾಗ ಮೇಜಿನ ಮೇಲೆ ಮೆಮೊ ಇತ್ತು. ಸಂಸ್ಥೆಯ ಹಾಳೆಯಲ್ಲಿ ಅಧಿಕಾರವಿಲ್ಲದೆ ಬರವಣಿಗೆಯಲ್ಲಿ ಭರವಸೆ ಕೊಟ್ಟಿದ್ದಕ್ಕೆ ಮೂರು ದಿನದೊಳಗೆ ಲಿಖಿತ ಕ್ಷಮೆ ಕೇಳಬೇಕು ಎಂದಿತ್ತು. ನಾನು ಮೂರು ದಿನ ತೆಗೆದುಕೊಳ್ಳಲಿಲ್ಲ. ಅಲ್ಲೇ ಕೂತು, ಅದೇ ಸಂಸ್ಥೆಯ ಇನ್ನೊಂದು ಹಾಳೆಯ ಮೇಲೆ ಉತ್ತರ ಬರೆದು ತೌಫೀಕನ ಕೈಗೆ ಕೊಟ್ಟೆ. ಅದರ ನಕಲು ಹನ್ನೊಂದನೇ ಪುಸ್ತಕದ ಕೊನೆಯ ಪುಟದಲ್ಲಿದೆ:

"ಐದೂಮು‌ಕ್ಕಾಲು ಎಂದು ಬರೆದುಕೊಟ್ಟಿದ್ದೆ. ಅವನು ಬಂದದ್ದು ಐದು ಐವತ್ತೇಳಕ್ಕೆ. ಹನ್ನೆರಡು ನಿಮಿಷ ತಪ್ಪಿದ್ದೇನೆ. ಅಷ್ಟಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ."